ಮೂರು ಗಣಕಗಳಿಗೆ ಒಂದೇ ಚಿತ್ರಭಂಡಾರ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಮೈಸೂರಿಗೆ ಸೇರಿತು, ರಾಯದುರ್ಗವು ಆಂಧ್ರದಲ್ಲಿ ಉಳಿಯಿತು. ಅಂದಿನಿಂದ ಇಲ್ಲಿಯ ಕನ್ನಡ ಶಾಲೆಯ ನಾಮಫಲಕ, ಹಳೆಯ ದಾಖಲಾತಿ ಪುಸ್ತಕದ ಪುಟ, ಹೇಮಾವತಿಯ ಶಾಸನ, ಇವುಗಳ ಛಾಯಾಚಿತ್ರಗಳೆಲ್ಲವೂ ನಮ್ಮ ಪಾಲಿಗೆ ಸಾಕ್ಷ್ಯಗಳೇ. ಆದರೆ ಅವು ಇರುವುದು ಎಲ್ಲಿ? ಒಬ್ಬ ಶಿಕ್ಷಕರ ಮೊಬೈಲಿನಲ್ಲಿ ಅರ್ಧ, ಮತ್ತೊಬ್ಬರ ಲ್ಯಾಪ್‌ಟಾಪಿನಲ್ಲಿ ಕಾಲು. ನನ್ನ ಹಾರ್ಡ್ ಡಿಸ್ಕ್ ಒಮ್ಮೆ ಮೇಜಿನಿಂದ ಬಿದ್ದಾಗ ಮೂರು ವರ್ಷಗಳ ಚಿತ್ರಗಳು ಹೋದವು. ಪ್ರತಿಯೊಂದು ಎಲ್ಲಿಯೂ ಇರಲಿಲ್ಲ.

ಇದಕ್ಕೆ ಪರಿಹಾರವೆಂದರೆ ಜಾಲ ಸಂಗ್ರಹ, ರೂಢಿಯಲ್ಲಿ ‘ನ್ಯಾಸ್’. ಡಿಸ್ಕ್‌ಗಳಿರುವ ಪೆಟ್ಟಿಗೆಯೊಂದನ್ನು ರೂಟರ್‌ಗೆ ತಂತಿಯಿಂದ ಜೋಡಿಸಿದರೆ ಮನೆಯ ಅಥವಾ ಕಚೇರಿಯ ಎಲ್ಲ ಗಣಕಗಳಿಗೂ ಅದು ಒಂದು ಕಡತಕೋಶದಂತೆ ಕಾಣುತ್ತದೆ. ಹೊಸದನ್ನು ಕೊಳ್ಳಲೇಬೇಕೆಂದಿಲ್ಲ, ಮೂಲೆಗೆ ಸೇರಿದ ಹಳೆಯ ಗಣಕಕ್ಕೆ ‘ಓಪನ್‌ಮೀಡಿಯಾವಾಲ್ಟ್’ ಎಂಬ ಉಚಿತ ತಂತ್ರಾಂಶ ಹಾಕಿದರೂ ಕೆಲಸ ನಡೆಯುತ್ತದೆ. ವಿದ್ಯುತ್ ಹೋಗಿಬರುವ ನಮ್ಮ ಊರುಗಳಲ್ಲಿ ಯುಪಿಎಸ್ ಮಾತ್ರ ಇರಲೇಬೇಕು.

ಪೆಟ್ಟಿಗೆಯಲ್ಲಿ ಎರಡು ಕೋಶಗಳಿರಲಿ: ‘ಒಳಬಂದವು’, ‘ಮೂಲ’. ಎಲ್ಲರೂ ಮೊದಲನೆಯದಕ್ಕೆ ಚಿತ್ರಗಳನ್ನು ಹಾಕಬಹುದು. ಹೊಣೆ ಹೊತ್ತ ಒಬ್ಬರು ಮಾತ್ರ ಅವುಗಳಿಗೆ ಹೆಸರು, ವಿವರ ಸೇರಿಸಿ ಎರಡನೆಯದಕ್ಕೆ ಸಾಗಿಸಬೇಕು. ಉಳಿದವರಿಗೆ ಅಲ್ಲಿ ನೋಡುವ ಅನುಮತಿಯಷ್ಟೇ. ವಾಟ್ಸ್‌ಆ್ಯಪಿನಲ್ಲಿ ಮಾಮೂಲಾಗಿ ಕಳುಹಿಸಿದ ಚಿತ್ರ ಕುಗ್ಗುತ್ತದೆ, ತೆಗೆದ ದಿನಾಂಕವೂ ಅಳಿಯುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳುಹಿಸುವಂತೆ ವಿನಂತಿಸಬೇಕು.

ಹೆಸರಿಡುವುದರಲ್ಲೇ ಹೆಚ್ಚಿನ ಎಡವಟ್ಟು. ಎರಡು ಕ್ಯಾಮೆರಾಗಳು ಒಂದೇ ಕ್ರಮಸಂಖ್ಯೆ ಕೊಟ್ಟರೆ ಒಂದು ಚಿತ್ರ ಇನ್ನೊಂದನ್ನು ನುಂಗಬಹುದು. ವರ್ಷ, ತಿಂಗಳು, ದಿನ, ಊರು, ತೆಗೆದವರ ಗುರುತು, ಈ ಕ್ರಮ ಸುರಕ್ಷಿತ. ಜಿಲ್ಲೆಯ ಹೆಸರನ್ನು ಕೋಶಕ್ಕೆ ಇಡಬೇಡಿ. 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಅನಂತಪುರದಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಇದೆ. ಗಡಿಗಳು ಸರಿಯುವುದು ನಮಗೇನು ಹೊಸತೇ!

ವಿವರ ಬರೆಯಲು ‘ಡಿಜಿಕ್ಯಾಮ್’ ಎಂಬ ಉಚಿತ ತಂತ್ರಾಂಶ ಸಾಕು. ಚಿತ್ರಗಳು ಜಾಲದಲ್ಲಿರಲಿ, ಆದರೆ ಅದರ ಸೂಚಿಕಡತವನ್ನು ಆಯಾ ಗಣಕದಲ್ಲೇ ಇರಿಸಬೇಕು. ಜಾಲದ ಮೂಲಕ ತೆರೆದರೆ ಅದು ಕೆಡುವ ಸಂಭವವಿದೆ. ಸೂಚಿಪದಗಳನ್ನು ಚಿತ್ರದೊಳಗೇ ಬರೆಯುವ ಆಯ್ಕೆಯನ್ನು ಚಾಲನೆಗೊಳಿಸಿದರೆ ಬೇರೆ ಗಣಕಗಳೂ ಅವನ್ನು ಓದುತ್ತವೆ. ಪದಗಳು ಯೂನಿಕೋಡ್ ಕನ್ನಡದಲ್ಲಿರಲಿ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ್ದು ಹುಡುಕಾಟಕ್ಕೆ ಸಿಗದು. ಹೇಮಾವತಿಯ ಚಿತ್ರಕ್ಕೆ ‘ಹೆಂಜೇರು’ ಎಂದೂ ಸೇರಿಸಿ; ನೊಳಂಬರ ರಾಜಧಾನಿಯನ್ನು ಆ ಹೆಸರಿನಿಂದ ಹುಡುಕುವವರಿದ್ದಾರೆ.

ಪೆಟ್ಟಿಗೆಯಲ್ಲಿ ಜೋಡಿ ಡಿಸ್ಕ್‌ಗಳಿದ್ದು ಒಂದರ ಪ್ರತಿಬಿಂಬ ಇನ್ನೊಂದರಲ್ಲಿದ್ದರೆ ಸಾಕೆಂದು ಹಲವರು ನಂಬಿದ್ದಾರೆ. ಅದು ತಪ್ಪು. ಕೈತಪ್ಪಿ ಅಳಿಸಿದ ಚಿತ್ರ ಎರಡರಲ್ಲೂ ಒಮ್ಮೆಗೇ ಅಳಿಯುತ್ತದೆ. ಸಿಡಿಲು ಬಡಿದರೆ ಎರಡೂ ಹೋಗುತ್ತವೆ. ಆದ್ದರಿಂದ ಬೇರೊಂದು ಡಿಸ್ಕಿಗೆ ತಿಂಗಳಿಗೊಮ್ಮೆ ಪ್ರತಿ ಮಾಡಿ, ಅದನ್ನು ಬೇರೆ ಊರಿನಲ್ಲಿಡಬೇಕು. ರಾಯದುರ್ಗದವರ ಪ್ರತಿ ಮಡಕಶಿರಾದಲ್ಲಿ, ಮಡಕಶಿರಾದವರದು ರಾಯದುರ್ಗದಲ್ಲಿ ಇದ್ದರಾಯಿತು. ವರ್ಷಕ್ಕೊಮ್ಮೆಯಾದರೂ ಆ ಡಿಸ್ಕನ್ನು ಜೋಡಿಸಿ, ನಾಲ್ಕಾರು ಚಿತ್ರಗಳನ್ನು ತೆರೆದು ನೋಡಬೇಕು.