ಹಸಿ ಕಸ, ಒಣ ಕಸ ಮತ್ತು ಸಿಮೆಂಟಿನ ಕುಲುಮೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ: ಕಲಬುರಗಿ ಜಿಲ್ಲೆಯ ಈ ಐದು ಊರುಗಳ ಹೆಸರು ಕೇಳಿದೊಡನೆ ವಾಚಕರಿಗೆ ಮೊದಲು ನೆನಪಾಗುವುದು ಕಲ್ಲು. ಶಹಾಬಾದಿನ ಹಾಸುಗಲ್ಲು ನಾಡಿನ ಎಷ್ಟೋ ಮನೆಗಳ ನೆಲವಾಗಿದೆ. ಅದೇ ಸುಣ್ಣಕಲ್ಲನ್ನು ಸುಟ್ಟು ಸಿಮೆಂಟು ಮಾಡುವ ಎಸಿಸಿ ಕಾರ್ಖಾನೆ ವಾಡಿಯಲ್ಲಿ 1968ರಿಂದ ನಡೆದುಬಂದಿದೆ. ಸೇಡಂ ಪಟ್ಟಣದಲ್ಲಿಯೂ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಬಳಿಯೂ, ಚಿಂಚೋಳಿ ತಾಲ್ಲೂಕಿನಲ್ಲಿಯೂ ಇಂತಹ ಕಾರ್ಖಾನೆಗಳು ಎದ್ದಿವೆ. ಇವುಗಳ ಕುಲುಮೆಗೂ ನಮ್ಮ ಅಡಿಗೆಮನೆಯ ಮೂಲೆಯಲ್ಲಿರುವ ಕಸದ ಬುಟ್ಟಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧವಿದೆ, ಅದು ಉಷ್ಣಶಾಸ್ತ್ರದ ಒಂದು ಸಣ್ಣ ಲೆಕ್ಕದಲ್ಲಿ ಅಡಗಿದೆ.

ಮೊದಲು ನಿಯಮವನ್ನು ನೋಡೋಣ. ಕಸವನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂಬುದು ಹೊಸ ವಿಚಾರವೇನೂ ಅಲ್ಲ. 1884ರಲ್ಲಿ ಪ್ಯಾರಿಸ್ ನಗರದ ಆಡಳಿತಾಧಿಕಾರಿ ಯೂಜೀನ್ ಪುಬೆಲ್ ಎಂಬಾತನು ಮನೆಗೆ ಮೂರು ಪೆಟ್ಟಿಗೆಗಳಿರಬೇಕೆಂದು ವಿಧಿಸಿದನು: ಕೊಳೆಯುವ ವಸ್ತುಗಳಿಗೆ ಒಂದು, ಕಾಗದ ಮತ್ತು ಬಟ್ಟೆಗೆ ಒಂದು, ಗಾಜು ಪಿಂಗಾಣಿಗಳಿಗೆ ಒಂದು. ಜನ ಅವನನ್ನು ಬಾಯಿತುಂಬ ಬೈದರು. ಕೊನೆಗೆ ಪೆಟ್ಟಿಗೆ ಉಳಿಯಿತು, ವಿಂಗಡಣೆ ಮರೆಯಾಯಿತು. ಫ್ರೆಂಚ್ ಭಾಷೆಯಲ್ಲಿ ಕಸದ ಡಬ್ಬಿಗೆ ಇಂದಿಗೂ ಆ ಪುಣ್ಯಾತ್ಮನ ಹೆಸರೇ ಇದೆ!

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಕಾನೂನಿನ ರೂಪ ಬಂದುದರಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. ಬೆಂಗಳೂರಿನ ಹೊರವಲಯದಲ್ಲಿ ವಾಸಿಸುವ ಎಂಜಿನಿಯರ್ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಮೊರೆಹೋದುದರ ಫಲವಾಗಿ 2000ದಲ್ಲಿ ಮೊದಲ ನಿಯಮಾವಳಿ ಹೊರಟಿತು. 2016ರ ನಿಯಮಗಳು ಅದಕ್ಕಿಂತ ಬಿಗಿಯಾದವು. ಹಸಿ, ಒಣ, ಅಪಾಯಕಾರಿ ಎಂದು ಕಸವನ್ನು ಮೂರು ಬಗೆಯಾಗಿ ವಿಂಗಡಿಸಿ ಕೊಡಬೇಕು, ಬೀದಿಯಲ್ಲಿ, ಚರಂಡಿಯಲ್ಲಿ, ಹಳ್ಳದಲ್ಲಿ ಎಸೆಯಬಾರದು, ಸುಡಬಾರದು, ನೂರು ಜನಕ್ಕಿಂತ ಹೆಚ್ಚು ಸೇರುವ ಸಮಾರಂಭವನ್ನು ಅದಕ್ಕೆಂದು ಪರವಾನಗಿಯಿಲ್ಲದ ಸ್ಥಳದಲ್ಲಿ ನಡೆಸುವುದಾದರೆ ಮೂರು ಕೆಲಸದ ದಿನಗಳ ಮುಂಚೆ ಪುರಸಭೆಗೆ ತಿಳಿಸಬೇಕು. ನಮ್ಮ ಕಡೆಯ ಮದುವೆಗಳಲ್ಲಿ ನೂರು ಜನಕ್ಕಿಂತ ಕಡಿಮೆ ಸೇರುವುದುಂಟೆ? 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಪ್ರಕಟವಾದ ಹೊಸ ನಿಯಮಗಳು ಬಗೆಗಳನ್ನು ನಾಲ್ಕಕ್ಕೆ ಏರಿಸಿವೆ: ಹಸಿ, ಒಣ, ನೈರ್ಮಲ್ಯ ಸಂಬಂಧದ ಕಸ, ಮತ್ತು ವಿಶೇಷ ಎಚ್ಚರಿಕೆ ಬೇಡುವ ಕಸ.

ಇಂಗ್ಲೆಂಡ್, ಜರ್ಮನಿ ಮುಂತಾದ ಕಡೆ ಪ್ರತಿ ಮನೆಗೂ ಚಕ್ರವಿರುವ ದೊಡ್ಡ ಡಬ್ಬಿಗಳಿರುತ್ತವೆ. ಗೊತ್ತಾದ ದಿನ ಅವನ್ನು ಉರುಳಿಸಿ ಬೀದಿಯಂಚಿಗೆ ತಂದಿಟ್ಟರೆ ಲಾರಿಯ ಯಂತ್ರವು ಎತ್ತಿ ಬರಿದು ಮಾಡುತ್ತದೆ. ಇದು ವಾರಕ್ಕೊಮ್ಮೆ, ಕೆಲವೆಡೆ ಎರಡು ವಾರಕ್ಕೊಮ್ಮೆ. ಅದೇ ಪದ್ಧತಿ ನಮಗೇಕೆ ಬೇಡ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಉತ್ತರ ಸರಳ. ಉಷ್ಣಮಾನವು ಹತ್ತು ಡಿಗ್ರಿ ಏರಿದರೆ ಕೊಳೆಯುವ ಕ್ರಿಯೆಯ ವೇಗ ಸುಮಾರಾಗಿ ಎರಡರಷ್ಟಾಗುತ್ತದೆ. ಅಲ್ಲಿನ 15 ಡಿಗ್ರಿ ಸೆಂಟಿಗ್ರೇಡಿಗೆ ನಮ್ಮ 35 ಡಿಗ್ರಿಯನ್ನು ಹೋಲಿಸಿದರೆ ವೇಗ ನಾಲ್ಕರಷ್ಟು. ಅಲ್ಲಿ ಒಂದು ವಾರದಲ್ಲಿ ಆಗುವ ಕೊಳೆತ ಇಲ್ಲಿ ಎರಡು ದಿನದೊಳಗೆ ಮುಗಿಯುತ್ತದೆ. ಆದ್ದರಿಂದಲೇ ಹಸಿ ಕಸಕ್ಕೆ ಗಾಡಿ ದಿನವೂ ಬರಬೇಕು. ಒಣ ಕಸಕ್ಕೆ ಈ ಅವಸರವಿಲ್ಲ. ಅದು ಒಣಗಿಯೇ ಇದ್ದರೆ ವಾರವಾದರೂ ಕಾದಿರುತ್ತದೆ.

ಒಣಗಿಯೇ ಇದ್ದರೆ ಎಂಬ ಮಾತಿನಲ್ಲಿಯೇ ವಿಷಯದ ಗುಟ್ಟಿದೆ. ಮರುಬಳಕೆಗೆ ಬಾರದ, ಆದರೆ ಉರಿಯುವ ಕಸ ಕೆಲವಿದೆ: ಚಿಪ್ಸಿನ ಪೊಟ್ಟಣ, ಹರಿದ ಚಿಂದಿ, ಪದರ ಪದರವಾದ ಪ್ಲಾಸ್ಟಿಕ್ಕು. ಅದರ ಒಂದು ಕಿಲೊಗ್ರಾಮ್ 1500 ಕಿಲೊಕ್ಯಾಲೊರಿಯಷ್ಟು ಅಥವಾ ಹೆಚ್ಚು ಉಷ್ಣ ಕೊಡುವಂತಿದ್ದರೆ ಅದನ್ನು ಭೂಮಿಯಲ್ಲಿ ಹೂಳಬಾರದು, ಇಂಧನವಾಗಿ ಬಳಸಬೇಕು ಎಂದು 2016ರ ನಿಯಮ ಹೇಳಿತು. ಕಸದ ಇಂಧನ ತಯಾರಿಸುವ ಘಟಕದಿಂದ 100 ಕಿಲೊಮೀಟರಿನೊಳಗಿರುವ ಕಾರ್ಖಾನೆಗಳು ತಮ್ಮ ಇಂಧನದಲ್ಲಿ ಕನಿಷ್ಠ ಶೇಕಡಾ 5ರಷ್ಟನ್ನು ಇದರಿಂದ ತುಂಬಬೇಕೆಂದಿತು. ಹೊಸ ನಿಯಮಗಳು ಈ ಪಾಲನ್ನು ಆರು ವರ್ಷಗಳಲ್ಲಿ ಶೇಕಡಾ 15ಕ್ಕೆ ಏರಿಸಬೇಕೆನ್ನುತ್ತವೆ. ಸಿಮೆಂಟಿನ ಕುಲುಮೆಯಲ್ಲಿ ಇಂತಹ ಪದಾರ್ಥವನ್ನು ಕಲ್ಲಿದ್ದಲಿನೊಡನೆ ಉರಿಸುವುದಕ್ಕೆ ಸಹಸಂಸ್ಕರಣವೆಂದು ಹೆಸರು. ವಾಡಿಯ ಕಾರ್ಖಾನೆಯಲ್ಲಿ ಇದಕ್ಕೆ ವ್ಯವಸ್ಥೆಯಿದೆ.

ಈಗ ಲೆಕ್ಕಕ್ಕೆ ಬರೋಣ. ಕಾಗದ, ಬಟ್ಟೆ, ಪ್ಲಾಸ್ಟಿಕ್ಕು ಬೆರೆತ ಒಣ ಕಸವು ಕಿಲೊಗ್ರಾಮಿಗೆ 4000 ಕಿಲೊಕ್ಯಾಲೊರಿ ಕೊಡುತ್ತದೆಂದು ಇಟ್ಟುಕೊಳ್ಳೋಣ. ಕಾಯಿಪಲ್ಯದ ಸಿಪ್ಪೆ, ಉಳಿದ ಅನ್ನ ಸಾರುಗಳ ಹಸಿ ಕಸದಲ್ಲಿ ನಾಲ್ಕರಲ್ಲಿ ಮೂರು ಪಾಲು ನೀರು. ಅದರ ಒಂದು ಕಿಲೊಗ್ರಾಮಿನಲ್ಲಿ ಉರಿಯುವ ಭಾಗ 250 ಗ್ರಾಮ್ ಮಾತ್ರ; ಅದರಿಂದ ಸುಮಾರು 1000 ಕಿಲೊಕ್ಯಾಲೊರಿ ಬಂದೀತು. ಆದರೆ ನೀರನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು ಕಿಲೊಗ್ರಾಮಿಗೆ 70, ಕುದಿಸಿ ಉಗಿಯಾಗಿಸಲು 540, ಒಟ್ಟು 610 ಕಿಲೊಕ್ಯಾಲೊರಿ ಬೇಕು. 750 ಗ್ರಾಮ್ ನೀರಿಗೆ ಸುಮಾರು 460 ವ್ಯಯವಾಗಿ, ಕೈಗೆ ಸಿಕ್ಕುವುದು 540 ಮಾತ್ರ. ಒಂದು ಕಿಲೊಗ್ರಾಮ್ ಒಣ ಕಸಕ್ಕೆ ಮೂರು ಕಿಲೊಗ್ರಾಮ್ ಹಸಿ ಕಸ ಬೆರೆತರೆ ಸರಾಸರಿ ಕಿಲೊಗ್ರಾಮಿಗೆ ಸುಮಾರು 1400ಕ್ಕೆ ಇಳಿಯುತ್ತದೆ. ಅಂದರೆ ನಿಯಮದ ಗೆರೆಯ ಕೆಳಗೆ! ಬೇರೆಯಾಗಿದ್ದಾಗ ಇಂಧನವಾಗಿದ್ದ ವಸ್ತು ಒಂದೇ ಬುಟ್ಟಿಯಲ್ಲಿ ಬಿದ್ದೊಡನೆ ಬರಿಯ ಹೊಲಸಾಯಿತು. ಉಗಿಯು ಕುಲುಮೆಯಿಂದ ಹೊರಹೋಗುವಾಗ ಇನ್ನೂ ಬಿಸಿಯಾಗಿಯೇ ಹೋಗುವುದರಿಂದ ನಿಜವಾದ ನಷ್ಟ ಇದಕ್ಕಿಂತ ಹೆಚ್ಚೇ ಸರಿ.

ಕುಲುಮೆಯ ಒಳಗೆ ಏನು ನಡೆಯುತ್ತದೆ? ಪುಡಿಮಾಡಿದ ಸುಣ್ಣಕಲ್ಲು ಜೇಡಿಯೊಡನೆ ಸೇರಿ 1450 ಡಿಗ್ರಿಯವರೆಗೆ ಕಾದು ಕ್ಲಿಂಕರ್ ಎಂಬ ಗಂಟುಗಳಾಗುತ್ತದೆ. ಜ್ವಾಲೆಯ ಉಷ್ಣಮಾನ 2000 ಡಿಗ್ರಿಯ ಹತ್ತಿರ. ಒಂದು ಕಿಲೊಗ್ರಾಮ್ ಕ್ಲಿಂಕರಿಗೆ ಇಂದಿನ ಕುಲುಮೆಗಳಲ್ಲಿ ಸುಮಾರು 750 ಕಿಲೊಕ್ಯಾಲೊರಿ ಸಾಕು. ಒಂದು ಕಿಲೊಗ್ರಾಮ್ ಪಾಲಿಥಿನ್ ಸುಮಾರು 11,000 ಕೊಡುವುದರಿಂದ, ಬರಿಯ ಲೆಕ್ಕದಲ್ಲಿ ಹದಿನಾಲ್ಕು ಕಿಲೊಗ್ರಾಮ್ ಕ್ಲಿಂಕರಿಗೆ ಅದೊಂದೇ ಸಾಕಾದೀತು. ಉರಿದ ಅನಿಲಗಳು ಹಲವು ಸೆಕೆಂಡುಗಳ ಕಾಲ 1000 ಡಿಗ್ರಿಗೂ ಮೇಲೆ ಉಳಿಯುವುದರಿಂದ ವಿಷದ ಅಣುಗಳು ಒಡೆದುಹೋಗುತ್ತವೆ. ಹುಟ್ಟುವ ಆಮ್ಲಗಳನ್ನು ಸುಣ್ಣವೇ ಹೀರಿಕೊಳ್ಳುತ್ತದೆ. ಬೂದಿಯೂ ಕ್ಲಿಂಕರಿನಲ್ಲಿಯೇ ಸೇರಿಹೋಗುತ್ತದೆ. ಬೀದಿಯ ಬದಿಯಲ್ಲಿ ಚಳಿಗಾಲದ ಬೆಳಿಗ್ಗೆ ಕಸಕ್ಕೆ ಬೆಂಕಿ ಹಚ್ಚಿ ಕೈ ಕಾಯಿಸಿಕೊಳ್ಳುವವರ ಎದುರಿಗೆ ಇರುವುದು ಇದರ ತದ್ವಿರುದ್ಧವಾದ ಬೆಂಕಿ. ಅಲ್ಲಿ ಉಷ್ಣಮಾನ ಕಡಿಮೆ, ಗಾಳಿ ಸಾಲದು, ಹೊಗೆ ತಣ್ಣಗಾಗುತ್ತ ಮೇಲೇರುತ್ತದೆ. ಕ್ಲೋರಿನ್ ಇರುವ ಪ್ಲಾಸ್ಟಿಕ್ಕು ಉರಿದಾಗ ಡೈಆಕ್ಸಿನ್ ಎಂಬ ಘೋರ ವಿಷಗಳು ಹುಟ್ಟುವುದು ಸರಿಯಾಗಿ 200ರಿಂದ 450 ಡಿಗ್ರಿಗಳ ನಡುವೆ.

ಹಾಗೆಂದು ಎಲ್ಲವನ್ನೂ ಕುಲುಮೆಗೆ ಎಸೆದು ಕೈತೊಳೆದುಕೊಳ್ಳಬಹುದೆಂಬ ಉತ್ಸಾಹವನ್ನು ನಾವು ಒಪ್ಪಲಾರೆವು. ಪಿವಿಸಿ ಕೊಳವೆಯಲ್ಲಿ ತೂಕದ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್ನೇ ಇದೆ. ಅದು ಕಚ್ಚಾ ವಸ್ತುವಿನಲ್ಲಿರುವ ಪೊಟ್ಯಾಸಿಯಂ ಮುಂತಾದವುಗಳೊಡನೆ ಸೇರಿ ಆವಿಯಾಗಿ, ತುಸು ತಣ್ಣಗಿರುವ ಕಡೆ ಹೆಪ್ಪುಗಟ್ಟಿ ಕುಲುಮೆಯ ಗಂಟಲನ್ನೇ ಕಟ್ಟಿಬಿಡುತ್ತದೆ. ಇನ್ನೊಂದು ಮಾತು. ಸುಣ್ಣಕಲ್ಲು ಕಾದಾಗ ನೂರು ಗ್ರಾಮಿಗೆ 44 ಗ್ರಾಮ್ ಇಂಗಾಲಾಮ್ಲ ವಾಯು ಹೊರಡುತ್ತದೆ. ಇಂಧನ ಯಾವುದಾದರೂ ಈ ಅಂಶ ಬದಲಾಗದು. ಕಸವನ್ನು ಉರಿಸಿದ ಸಿಮೆಂಟು ಆಕಾಶಕ್ಕೆ ಏನೂ ಬಿಡುವುದಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಮತ್ತೆ ಕಾಗದವಾಗಬಲ್ಲ ಕಾಗದ, ಮತ್ತೆ ಬಾಟಲಿಯಾಗಬಲ್ಲ ಬಾಟಲಿ, ಇವು ಮೊದಲು ಗುಜರಿಯವನಿಗೇ ಸಲ್ಲಬೇಕು.

ಹಸಿ ಕಸದ ಸಹಜವಾದ ಜಾಗ ತಿಪ್ಪೆ. ಅದರಲ್ಲಿಯೂ ಉಷ್ಣವುಂಟು: ಸೂಕ್ಷ್ಮಜೀವಿಗಳು ತಮ್ಮ ಉಸಿರಾಟದಿಂದಲೇ ರಾಶಿಯ ಒಡಲನ್ನು 55 - 60 ಡಿಗ್ರಿಗೆ ಏರಿಸುತ್ತವೆ, ರೋಗಾಣುಗಳೂ ಕಳೆಯ ಬೀಜಗಳೂ ಬಹುಮಟ್ಟಿಗೆ ಸಾಯುತ್ತವೆ. ಈ ಜೀವಿಗಳಿಗೆ ಸಾರಜನಕದ ಸುಮಾರು ಮೂವತ್ತರಷ್ಟು ಇಂಗಾಲ ಬೇಕು. ಅಡಿಗೆಮನೆಯ ಕಸದಲ್ಲಿ ಇಂಗಾಲ ಸಾಲದು, ನೀರು ಹೆಚ್ಚು. ತೊಗರಿಯ ನಾಡಾದ ನಮ್ಮಲ್ಲಿ ಒಣಗಿದ ತೊಗರಿಯ ಕಡ್ಡಿಯನ್ನು ಮುರಿದು, ಉದುರಿದ ಎಲೆಯೊಡನೆ ಪದರವಾಗಿ ಹಾಕಿದರೆ ಎರಡು ಕೊರತೆಯೂ ಒಮ್ಮೆಗೇ ನೀಗುತ್ತವೆ. ಗಾಳಿಯಾಡಲು ಸಂದುಗಳೂ ಉಳಿಯುತ್ತವೆ. ಬೇಸಿಗೆಯ ಬಿಸಿಲಿಗೆ ರಾಶಿ ಒಣಗಿಹೋದರೆ ಜೀವಿಗಳು ಸುಮ್ಮನಾಗುತ್ತವೆ. ಆಗ ನೀರು ಚಿಮುಕಿಸಬೇಕು. ಆದರೆ ಅನ್ನವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿ ಎಸೆದರೆ ಇದಾವುದೂ ನಡೆಯದು. ಗಾಳಿ ಸಿಗದೆ ಅದು ಹುಳಿತು ನಾರುತ್ತದೆ, ಇಲ್ಲವೆ ಬೀದಿಯ ಹಸು ಗಂಟುಸಹಿತ ನುಂಗುತ್ತದೆ. ಮುರಿದ ಬ್ಲೇಡು ಅದೇ ಗಂಟಿನಲ್ಲಿದ್ದರೆ ಕುಯ್ಯುವುದು ಪೌರಕಾರ್ಮಿಕರ ಕೈ.

ನಮ್ಮ ಊರುಗಳಿಗೇ ವಿಶೇಷವಾದ ಕಸವೊಂದಿದೆ. ಮನೆಯ ನೆಲ ಕಿತ್ತು ಹೊಸದು ಹಾಕಿಸಿದಾಗ ಉಳಿಯುವ ಹಾಸುಗಲ್ಲಿನ ಚೂರು, ಪಾಲಿಶಿನ ಕೆಸರು. ಇದನ್ನು ಮನೆಯ ಕಸದೊಡನೆ ಸೇರಿಸಲಾಗದು. ಕಟ್ಟಡದ ಅವಶೇಷಗಳಿಗೆ 2016ರಲ್ಲಿಯೇ ಪ್ರತ್ಯೇಕ ನಿಯಮ ಬಂದಿದೆ. ಕಲ್ಲು ಉರಿಯದು, ಕೊಳೆಯದು, ಕಸ ಕತ್ತರಿಸುವ ಯಂತ್ರದ ಹಲ್ಲನ್ನು ಮುರಿಯುತ್ತದೆ. ಕೆಸರು ಚರಂಡಿಯಲ್ಲಿ ಗಟ್ಟಿಯಾಗಿ ಕೂರುತ್ತದೆ.

ಇನ್ನು ನಾಲ್ಕನೆಯ ಬಗೆ: ಹಳೆಯ ಟ್ಯೂಬ್ ಲೈಟು, ಜ್ವರಮಾಪಕ, ಬ್ಯಾಟರಿ, ಅವಧಿ ಮುಗಿದ ಔಷಧ. ಟ್ಯೂಬಿನಲ್ಲಿಯೂ ಹಳೆಯ ಜ್ವರಮಾಪಕದಲ್ಲಿಯೂ ಇರುವ ಪಾದರಸ ಕುದಿಯುವುದು 357 ಡಿಗ್ರಿಯಲ್ಲಿ. ಅದು ಒಣ ಕಸದೊಡನೆ ಸೇರಿ ಕುಲುಮೆಗೆ ಹೋದರೆ ಸುಣ್ಣವಾಗಲಿ ಜ್ವಾಲೆಯಾಗಲಿ ಅದನ್ನು ತಡೆಯಲಾರವು. ಧಾತುವಾದ್ದರಿಂದ ಒಡೆಯುವ ಮಾತೂ ಇಲ್ಲ. ಆವಿಯಾಗಿ ಹೊಗೆಕೊಳವೆಯ ಮೂಲಕ ಹೊರಬಂದು, ಎಂದಾದರೊಂದು ದಿನ ಮಳೆಯೊಡನೆ ಕಾಗಿಣಾ ನದಿಗೋ ಭೀಮೆಗೋ ಇಳಿಯುತ್ತದೆ. ಟ್ಯೂಬನ್ನು ಒಡೆಯದೆ, ರಟ್ಟಿನ ಹೊದಿಕೆಯಲ್ಲಿಟ್ಟು, ಬೇರೆಯಾಗಿ ಗಾಡಿಯವರ ಕೈಗೆ ಕೊಡಬೇಕೆಂಬ ನಿಯಮಕ್ಕೆ ಇರುವ ಕಾರಣ ಇಷ್ಟೇ.