ಸೋಮವಾರದ ತೀರ್ಪು

ಮೂವತ್ತು ವರ್ಷಗಳ ಕಾಲ ಮಕ್ಕಳ ಉತ್ತರಪತ್ರಿಕೆಗಳ ಮೇಲೆ ಕೆಂಪು ಶಾಯಿಯ ಗುರುತು ಹಾಕಿದ ಕೈ ನಮ್ಮದು. ಆದುದರಿಂದ ಪರರ ವಿದ್ಯೆಗೆ ಬೆಲೆ ಕಟ್ಟಿದವರ ಕಥೆ ಎಲ್ಲಿ ದೊರೆತರೂ ಕುತೂಹಲದಿಂದ ಓದುತ್ತೇವೆ. ಅಂತಹುದೊಂದನ್ನು ವಾಚಕರ ಮುಂದಿಡುವೆವು.

ಅಮೆರಿಕಾ ದೇಶದಲ್ಲಿ 1880ರ ದಶಕದಿಂದ ಸುಮಾರು 1930ರವರೆಗೆ ವಾಡ್‌ವಿಲ್ ಎಂಬ ವಿನೋದ ಪ್ರದರ್ಶನವು ಬಹು ಜನಪ್ರಿಯವಾಗಿದ್ದಿತು. ಅದರಲ್ಲಿ ಆದ್ಯಂತ ನಡೆಯುವ ಕಥೆಯೆಂಬುದಿಲ್ಲ. ಒಬ್ಬನು ಹಾಡುವನು; ಒಬ್ಬನು ಲಾಗ ಹಾಕುವನು; ಇಬ್ಬರು ಹಾಸ್ಯದ ಮಾತುಕತೆ ನಡೆಸುವರು; ಮತ್ತೊಬ್ಬನು ಪಳಗಿಸಿದ ನಾಯಿಗಳನ್ನು ಆಡಿಸುವನು. ಒಂದೊಂದಕ್ಕೆ ಸಾಮಾನ್ಯವಾಗಿ 10ರಿಂದ 20 ನಿಮಿಷಗಳ ಅವಧಿ. ಸ್ತ್ರೀಯರೂ ಮಕ್ಕಳೂ ನಿಸ್ಸಂಕೋಚವಾಗಿ ಬರಲೆಂದು ಬಿ. ಎಫ್. ಕೀತ್ ಮತ್ತು ಇ. ಎಫ್. ಆಲ್ಬೀ ಎಂಬವರು ತಮ್ಮ ರಂಗದಲ್ಲಿ ಅಶ್ಲೀಲೋಕ್ತಿಗಳನ್ನು ನಿಷೇಧಿಸಿದರು. ಊರೂರಿನ ನಾಟಕಶಾಲೆಗಳನ್ನು ಒಂದೇ ಆಡಳಿತಸೂತ್ರದಲ್ಲಿ ಪೋಣಿಸಿದರು.

ವಾರದ ಕಾರ್ಯಕ್ರಮವು ಸೋಮವಾರ ಮಧ್ಯಾಹ್ನ ಆರಂಭವಾಗುತ್ತಿದ್ದಿತು. ಆ ಮೊದಲ ಆಟವನ್ನು ನೋಡಿ ನಾಟಕಶಾಲೆಯ ಮ್ಯಾನೇಜರು ವರದಿ ಬರೆಯುತ್ತಿದ್ದನು. ಆಟಕ್ಕೆ ಎಷ್ಟು ನಿಮಿಷ ಹಿಡಿಯಿತು, ರಂಗಸ್ಥಳ ಎಷ್ಟು ಬೇಕಾಯಿತು, ಜನರು ನಕ್ಕರೋ ಇಲ್ಲವೋ, ಯಾವ ಮಾತನ್ನು ತೆಗೆಸಬೇಕಾಯಿತು ಎಂಬಿವೇ ಅದರ ವಿಷಯಗಳು. ವರದಿಯು ಕೇಂದ್ರ ಕಚೇರಿಯ ಮೂಲಕ ಇತರ ಮ್ಯಾನೇಜರುಗಳಿಗೂ ತಿಳಿಯುತ್ತಿದ್ದಿತು. ಹೀಗಾಗಿ ನಟನು ಮುಂದಿನ ಊರನ್ನು ಮುಟ್ಟುವ ಮೊದಲೇ ಅವನ ಕೀರ್ತಿಯೋ ಅಪಕೀರ್ತಿಯೋ ಅಲ್ಲಿ ಹೋಗಿ ಕುಳಿತಿರುವುದು. ಒಂದು ಕುಟುಂಬದ ಅನ್ನವು ಎರಡು ಪಂಕ್ತಿಗಳ ಬರಹವನ್ನು ಅವಲಂಬಿಸಿದ್ದಿತೆಂದರೆ ಅತಿಶಯೋಕ್ತಿಯಲ್ಲ. ಇಂತಹ ವರದಿಪುಸ್ತಕಗಳು ಅಯೋವಾ ವಿಶ್ವವಿದ್ಯಾಲಯದ ಗ್ರಂಥಭಂಡಾರದಲ್ಲಿ ಇಂದಿಗೂ ಸುರಕ್ಷಿತವಾಗಿವೆ.

ಭರತಮುನಿಯೂ ನಾಟ್ಯಶಾಸ್ತ್ರದಲ್ಲಿ ಪ್ರಯೋಗದ ಸಿದ್ಧಿಯನ್ನು ವಿವೇಚಿಸಿರುವನಷ್ಟೆ. ನಗು, ಮೆಚ್ಚುಮಾತು, ರೋಮಾಂಚ ಇವು ಮಾನುಷೀ ಸಿದ್ಧಿಯ ಚಿಹ್ನೆಗಳು. ತುಂಬಿದ ಸಭೆಯಲ್ಲಿ ಸದ್ದೂ ಕ್ಷೋಭೆಯೂ ಇಲ್ಲದಿದ್ದರೆ ಅದು ದೈವೀ ಸಿದ್ಧಿ. ಚಪ್ಪಾಳೆಯನ್ನೇ ಅಳೆಯುವವನಿಗೆ ಈ ಎರಡನೆಯದು ಕಾಣುವುದು ಕಷ್ಟ.

ಆದರೂ ಆ ಮ್ಯಾನೇಜರುಗಳಿಂದ ನಾವು ಕಲಿಯಬೇಕಾದುದೊಂದುಂಟು. ಪ್ರೇಕ್ಷಕರು ಇನ್ನೂ ಆಸನ ಹುಡುಕುತ್ತಿರುವಾಗ ಮಾತು ಕೇಳಿಸದು. ಆದುದರಿಂದ ಮೊದಲಿಗೆ ಮಾತಿಲ್ಲದ ಆಟ. ಅತ್ಯಂತ ಪ್ರಸಿದ್ಧರಿಗೆ ಕೊನೆಯದಕ್ಕೆ ಹಿಂದಿನ ಸ್ಥಾನ. ಸೋಮವಾರದ ಮೊದಲ ಆಟದಲ್ಲಿ ಒಂದು ಅಂಗವು ಸೋತರೆ, ಅದನ್ನು ಬೇರೊಂದು ಸ್ಥಾನಕ್ಕೆ ಸರಿಸಿ ನೋಡುವುದೂ ಉಂಟು. ದೋಷವು ಆಟದ್ದೋ, ಅದನ್ನಿಟ್ಟ ಎಡೆಯದೋ ಎಂಬ ವಿಚಾರವಿದು.

ನಮ್ಮ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬನಿಗೆ ಎರಡು ವರ್ಷ ಮಂದಮತಿಯೆಂದೇ ಬರೆದೆವು. ಮೂರನೆಯ ವರ್ಷ ಸ್ಥಳ ಸಾಲದೆ ಮುಂದೆ ಕುಳ್ಳಿರಿಸಿದಾಗ, ಅವನಿಗೆ ಕರಿಹಲಗೆಯೇ ಕಾಣುತ್ತಿರಲಿಲ್ಲವೆಂದು ತಿಳಿಯಿತು. ಮನೆಯಲ್ಲಿ ಮಕ್ಕಳನ್ನು ತೂಗಿನೋಡುವ ಹಿರಿಯರೂ ತೀರ್ಪಿಗೆ ಮೊದಲು ಒಮ್ಮೆ ಸ್ಥಾನವನ್ನು ಬದಲಿಸಿ ನೋಡಲಿ. ನಾವು ತಡವಾಗಿ ನೋಡಿದೆವು.