ಶೇಕಡಾವಾರು ಫಲಿತಾಂಶದಲ್ಲಿ ಕಾಣದ ಮಕ್ಕಳು: ಪಂಚಾಯಿತಿಯ ಶಾಲಾ ಪರಿಶೀಲನೆ ಹೇಗಿರಬೇಕು?

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ಬಳಿಕ ನಡೆಯುವ ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ, ಶೇಕಡಾ ಎಷ್ಟು, ರಾಜ್ಯದಲ್ಲಿ ಜಿಲ್ಲೆಗೆ ಎಷ್ಟನೆಯ ಸ್ಥಾನ ಎಂಬುದು. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89 ಇತ್ತು. ಪರೀಕ್ಷಾ ಕೇಂದ್ರಗಳಲ್ಲಿ ವೆಬ್‌ಕಾಸ್ಟಿಂಗ್ ಅಳವಡಿಸಿದ 2024ರಲ್ಲಿ ಅದು ಶೇ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳ ಕಲಿಕೆ ಅಷ್ಟು ಕುಸಿಯಿತೆಂದು ಯಾರೂ ಹೇಳಲಾರರು. ಶೇಕಡಾವಾರು ಅಂಕಿಯೊಂದನ್ನೇ ನಂಬಿ ಶಾಲೆಯ ಗುಣಮಟ್ಟವನ್ನು ಅಳೆಯಲಾಗದು ಎಂಬುದಕ್ಕೆ ಇಷ್ಟು ಸಾಕು.

ಆ ಅಂಕಿಯಲ್ಲಿ ಇನ್ನೊಂದು ದೋಷವಿದೆ. ಅದು ಹೆಚ್ಚು ಗಂಭೀರವಾದುದು. ಉದಾಹರಣೆಗೆ, ಒಂದು ಪ್ರೌಢಶಾಲೆಯ ಎಂಟನೆಯ ತರಗತಿಗೆ 60 ಮಕ್ಕಳು ದಾಖಲಾದರೆಂದು ಭಾವಿಸೋಣ. ಎರಡು ವರ್ಷಗಳ ನಂತರ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತವರು 45, ಉತ್ತೀರ್ಣರಾದವರು 36. ಶಾಲೆಯ ಫಲಿತಾಂಶ ಶೇ 80 ಎಂದು ದಾಖಲಾಗುತ್ತದೆ, ಅಭಿನಂದನೆಯೂ ಸಲ್ಲುತ್ತದೆ. ಆದರೆ ಎಂಟನೆಯ ತರಗತಿಗೆ ಸೇರಿದವರ ಲೆಕ್ಕದಲ್ಲಿ ದಡ ಸೇರಿದವರು ಶೇ 60 ಮಾತ್ರ. ನಡುವೆ ಕಾಣೆಯಾದ 15 ಮಕ್ಕಳು ಯಾರು? ಕೆಲವರು ವರ್ಗಾವಣೆ ಪತ್ರ ಪಡೆದು ಬೇರೆ ಶಾಲೆಗೆ ಸೇರಿರಬಹುದು. ಉಳಿದವರ ಹೆಸರುಗಳನ್ನು ಒಂದೊಂದಾಗಿ ಓದಿಸಿದರೆ ಭೂರಹಿತ ಕೂಲಿ ಕುಟುಂಬ, ಗುಳೆ ಹೋದ ಕುಟುಂಬ, ಮದುವೆ ಮಾಡಿ ಕಳುಹಿಸಲಾದ ಬಾಲಕಿ ಎಂಬ ವಿವರಗಳೇ ಮರುಕಳಿಸುತ್ತವೆ. ಹಿಂದುಳಿದ ವಿದ್ಯಾರ್ಥಿಯೊಬ್ಬ ಪರೀಕ್ಷೆಗೆ ಬಾರದಿದ್ದಲ್ಲಿ ಶಾಲೆಯ ಶೇಕಡಾವಾರು ಏರುತ್ತದೆಯೇ ವಿನಾ ಇಳಿಯುವುದಿಲ್ಲ. ಸ್ಥಾನಮಾನಕ್ಕಾಗಿ ಒತ್ತಾಯಿಸುವ ಸಭೆಯು ತನಗರಿವಿಲ್ಲದೆಯೇ ಇಂತಹ ಮಕ್ಕಳನ್ನು ಹೊರಗಿಡುವುದಕ್ಕೆ ಉತ್ತೇಜನ ನೀಡಿದಂತಾಗುತ್ತದೆ.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009 ಈ ವಿಷಯದಲ್ಲಿ ಪಂಚಾಯಿತಿಗಳಿಗೆ ಸಲಹೆಯನ್ನಲ್ಲ, ಕರ್ತವ್ಯವನ್ನೇ ವಿಧಿಸಿದೆ. ಅದರ 9ನೆಯ ಪ್ರಕರಣದಂತೆ ಸ್ಥಳೀಯ ಪ್ರಾಧಿಕಾರವು ತನ್ನ ವ್ಯಾಪ್ತಿಯಲ್ಲಿ ವಾಸಿಸುವ 14 ವರ್ಷದವರೆಗಿನ ಎಲ್ಲ ಮಕ್ಕಳ ದಾಖಲೆಯನ್ನು ನಿರ್ವಹಿಸಬೇಕು. ಪ್ರತಿ ಮಗುವಿನ ದಾಖಲಾತಿ, ಹಾಜರಾತಿ ಹಾಗೂ ಪ್ರಾಥಮಿಕ ಶಿಕ್ಷಣದ ಪೂರ್ಣಗೊಳಿಸುವಿಕೆಯ ಮೇಲೆ ನಿಗಾ ಇಡಬೇಕು. ದುರ್ಬಲ ವರ್ಗದ ಮತ್ತು ಅವಕಾಶವಂಚಿತ ಗುಂಪಿನ ಮಕ್ಕಳ ವಿರುದ್ಧ ತಾರತಮ್ಯ ನಡೆಯದಂತೆ ನೋಡಿಕೊಳ್ಳಬೇಕು. ಇಲ್ಲಿ ಗಮನಿಸಬೇಕಾದ ಮಾತೆಂದರೆ ಕಾಯ್ದೆಯು ‘ಶಾಲೆಯಲ್ಲಿರುವ’ ಮಕ್ಕಳ ಬಗ್ಗೆ ಹೇಳುತ್ತಿಲ್ಲ, ‘ವಾಸಿಸುವ’ ಮಕ್ಕಳ ಬಗ್ಗೆ ಹೇಳುತ್ತಿದೆ. ಶಾಲೆಯ ಹಾಜರಿ ಪುಸ್ತಕದಿಂದ ಹೆಸರು ಅಳಿದರೂ ಪಂಚಾಯಿತಿಯ ದಾಖಲೆಯಿಂದ ಆ ಮಗು ಅಳಿಯುವಂತಿಲ್ಲ.

ಗುಳೆ ಹೋಗುವ ಕುಟುಂಬಗಳ ವಿಷಯದಲ್ಲಿ ಇದು ಅತ್ಯಂತ ಮುಖ್ಯ. ಕಲ್ಯಾಣ ಕರ್ನಾಟಕದ ಹಲವು ಗ್ರಾಮಗಳಲ್ಲಿ ದೀಪಾವಳಿಯ ಆಸುಪಾಸಿನಲ್ಲಿ ಕಬ್ಬು ಕಟಾವಿಗೆ, ಇಟ್ಟಿಗೆ ಭಟ್ಟಿಗೆ, ನಗರಗಳ ಕಟ್ಟಡ ಕಾಮಗಾರಿಗೆ ಹೊರಡುವವರು ಯುಗಾದಿಯ ವೇಳೆಗೆ ಮರಳುತ್ತಾರೆ. ಶೈಕ್ಷಣಿಕ ವರ್ಷದ ಅರ್ಧಭಾಗ ಅಷ್ಟರಲ್ಲಿ ಕಳೆದಿರುತ್ತದೆ. ಮೇ ತಿಂಗಳ ಫಲಿತಾಂಶ ಪರಿಶೀಲನೆ ಈ ಮಕ್ಕಳಿಗೆ ಯಾವ ಪ್ರಯೋಜನಕ್ಕೂ ಬಾರದು. ಅವರ ಸಭೆ ನಡೆಯಬೇಕಾದುದು ಸೆಪ್ಟೆಂಬರ್‌ನಲ್ಲಿ, ಕುಟುಂಬ ಗಂಟುಮೂಟೆ ಕಟ್ಟುವ ಮೊದಲು. ಯಾರು ಹೊರಡುವರು, ಮಗುವನ್ನು ಅಜ್ಜಿಯ ಬಳಿ ಬಿಡಲು ಸಾಧ್ಯವೇ, ಋತುಮಾನದ ವಸತಿನಿಲಯದ ಅಗತ್ಯವಿದೆಯೇ ಎಂಬುದನ್ನು ಆಗಲೇ ತಿಳಿಯಬಹುದು. ಕುಟುಂಬದೊಂದಿಗೆ ಹೋಗುವ ಮಗುವಿಗೆ ವರ್ಗಾವಣೆ ಪತ್ರವನ್ನು ಕೂಡಲೇ ನೀಡಬೇಕಾದುದು ಮುಖ್ಯಶಿಕ್ಷಕರ ಕರ್ತವ್ಯ. ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸಲು ಹೋದೂರಿನ ಶಾಲೆಗೂ ಅವಕಾಶವಿಲ್ಲ. ವಲಸೆ ಕುಟುಂಬಗಳ ಮಕ್ಕಳಿಗೆ ಪ್ರವೇಶ ಖಚಿತಪಡಿಸುವುದು ಅಲ್ಲಿನ ಸ್ಥಳೀಯ ಪ್ರಾಧಿಕಾರದ ಹೊಣೆ.

ಪರಿಶೀಲನೆಗೆ ಬೇಕಾದ ವ್ಯವಸ್ಥೆಗಳೇನೂ ಹೊಸವಲ್ಲ. ಜಿಲ್ಲಾ ಪಂಚಾಯಿತಿಯಲ್ಲಿ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿಯಿದೆ, ಗ್ರಾಮ ಪಂಚಾಯಿತಿಯಲ್ಲಿ ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯಿದೆ, ಶಾಲೆಯಲ್ಲಿ ಎಸ್‌ಡಿಎಂಸಿ ಇದೆ. ಶಾಲಾ ನಿರ್ವಹಣಾ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಅವಕಾಶವಂಚಿತ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ ದೊರೆಯಬೇಕು. ಆದರೆ ಹಗಲಿನ ಕೂಲಿ ಬಿಟ್ಟು ಬರಬೇಕಾದ ವೇಳೆಗೆ ಸಭೆ ಕರೆದರೆ ಈ ಪ್ರಾತಿನಿಧ್ಯ ಸಹಿಯಲ್ಲಿ ಮಾತ್ರ ಉಳಿಯುತ್ತದೆ. ಸಂಜೆ ಸಭೆ ಕರೆಯಲು ಯಾವ ಆದೇಶದ ಅಗತ್ಯವೂ ಇಲ್ಲ.

ಸಭೆಗೆ ಮಂಡಿಸುವ ತಖ್ತೆಯಲ್ಲಿ ಶೇಕಡಾವಾರಿನ ಪಕ್ಕದಲ್ಲಿಯೇ ಎಂಟನೆಯ ತರಗತಿಗೆ ಸೇರಿದವರ ಸಂಖ್ಯೆ, ಪರೀಕ್ಷೆಗೆ ಕುಳಿತವರ ಸಂಖ್ಯೆ ಇರಲಿ. ಬಾಲಕ, ಬಾಲಕಿ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಂಗವಿಕಲ ಮಕ್ಕಳ ವಿವರ ಪ್ರತ್ಯೇಕವಾಗಿರಲಿ. ಸಭೆಯಲ್ಲಿ ಈ ಅಂಕಿಗಳನ್ನು ಶಿಕ್ಷಕರನ್ನು ಗದರಿಸುವುದಕ್ಕೆ ಬಳಸಿದರೆ ಮುಂದಿನ ವರ್ಷ ಅಂಕಿಗಳು ಮಾತ್ರ ಸುಧಾರಿಸುತ್ತವೆ. ಖಾಲಿ ಹುದ್ದೆ, ಬಸ್ಸಿಲ್ಲದ ದಾರಿ, ಬಾಲಕಿಯರ ಶೌಚಾಲಯಕ್ಕೆ ನೀರು, ಇವುಗಳಲ್ಲಿ ಬಹುಪಾಲು ಮುಖ್ಯಶಿಕ್ಷಕರ ಕೈಯಲ್ಲಿಲ್ಲ. ಆ ಪ್ರಶ್ನೆಗಳಿಗೆ ಉತ್ತರಿಸಬೇಕಾದವರೂ ಅದೇ ಸಭೆಯಲ್ಲಿ ಕುಳಿತಿರುತ್ತಾರೆ.

ಒಂದು ತೊಡಕು ಉಳಿಯುತ್ತದೆ. ಅಧಿನಿಯಮದ ಹಕ್ಕು 14ನೆಯ ವಯಸ್ಸಿಗೆ, ಅಂದರೆ ಬಹುಮಟ್ಟಿಗೆ ಎಂಟನೆಯ ತರಗತಿಗೆ ಮುಗಿಯುತ್ತದೆ. ಮಕ್ಕಳು ಹೆಚ್ಚಾಗಿ ಕಳೆದುಹೋಗುವುದು ಅಲ್ಲಿಂದಾಚೆಗೆ. ಗ್ರಾಮ ಪಂಚಾಯಿತಿಯು ತನ್ನ ಮಕ್ಕಳ ದಾಖಲೆಯನ್ನು 16 ವರ್ಷದವರೆಗೆ ಮುಂದುವರಿಸಿದರೆ ಅದಕ್ಕೆ ಹೆಚ್ಚುವರಿಯಾಗಿ ಬೇಕಾಗುವುದು ಕೆಲವು ಪುಟಗಳು ಮಾತ್ರ. 14ರೊಳಗಿನ ಮಗುವಿನ ಹಕ್ಕಿಗೆ ಧಕ್ಕೆಯಾದಲ್ಲಿ ಯಾರು ಬೇಕಾದರೂ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ನೀಡಬಹುದು. ಸಂಬಂಧಪಟ್ಟವರ ಅಹವಾಲು ಆಲಿಸಿ ಮೂರು ತಿಂಗಳೊಳಗೆ ಅದನ್ನು ತೀರ್ಮಾನಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ದೂರು ಸ್ವೀಕರಿಸಿದ ದಿನಾಂಕವನ್ನು ನಮೂದಿಸಿ ದೂರುದಾರರಿಗೆ ಸ್ವೀಕೃತಿ ನೀಡುವುದರಿಂದ ಈ ಅವಧಿಯ ಲೆಕ್ಕ ಆರಂಭವಾಗುವಂತೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ನೋಡಿಕೊಳ್ಳುವುದು ಸೂಕ್ತ.